ಮುಂಬಯಿಯ ಆಫ್ರಿಕನ್ನರು: ಬಾಯ್ಲರಿನಿಂದ ಬಟ್ಟೆ ವ್ಯಾಪಾರಕ್ಕೆ

ಮುಂಬಯಿ ಎಂದರೆ ಕನ್ನಡಿಗರಿಗೆ ಉಡುಪಿ ಹೋಟೆಲು, ಗಿರಣಿ, ಫೋರ್ಟಿನ ರಾತ್ರಿಶಾಲೆ ನೆನಪಾಗುತ್ತವೆ. ಅದೇ ಊರಿನಲ್ಲಿ ಅನ್ನ ಹುಡುಕಿಕೊಂಡ ಆಫ್ರಿಕನ್ನರ ಕಥೆ ನಮ್ಮ ಕಿವಿಗೆ ಬಿದ್ದದ್ದು ಕಡಿಮೆ. 1864ರ ಜನಗಣತಿಯ ಹೊತ್ತಿಗೆ ನಗರದಲ್ಲಿ ಅವರು ಸುಮಾರು 2 ಸಾವಿರ ಮಂದಿ ಇದ್ದರು. ಹೆಚ್ಚುಕಮ್ಮಿ ಅರ್ಧದಷ್ಟು ಜನ ಹಡಗಿನ ಕೆಲಸದವರು.

ಊರು ಅವರನ್ನು ಸಿದಿಗಳೆಂದು ಕರೆಯಿತು. ಜಂಜೀರಾ ಕೋಟೆಯ ಒಡೆಯರೂ ಸಿದಿಗಳೇ. ಅವರ ಸರದಾರ ಯಾಕೂತ್ ಖಾನ್ 1689ರಲ್ಲಿ ಬ್ರಿಟಿಷರ ಮುಂಬಯಿಗೇ ಮುತ್ತಿಗೆ ಹಾಕಿದ್ದ. ಬಂದರಿಗೆ ಹತ್ತಿರದ ಡೋಂಗ್ರಿಯ ಗಲ್ಲಿಗಳಲ್ಲಿದ್ದವರಿಗೆ ಅಂಥ ಕೋಟೆಯೂ ಇರಲಿಲ್ಲ, ಫಿರಂಗಿಯೂ ಇರಲಿಲ್ಲ. ಗುಲಾಮರ ಹಡಗುಗಳಿಂದ ಬಿಡಿಸಿ ತಂದವರು, ಜಂಜಿಬಾರ್ ಕಡೆಯಿಂದ ಕೂಲಿ ಅರಸಿ ಬಂದವರು ಅವರಲ್ಲಿದ್ದರು.

ಉಗಿಹಡಗಿನ ತಳದಲ್ಲಿ ಅವರ ದುಡಿಮೆ. ಒಬ್ಬ ಉಗ್ರಾಣದಿಂದ ಕಲ್ಲಿದ್ದಲು ಎಳೆದು ತಂದು ಸುರಿಯಬೇಕು, ಇನ್ನೊಬ್ಬ ಅದನ್ನು ಸಲಿಕೆಯಲ್ಲಿ ಬಾಯ್ಲರಿನ ಒಲೆಗೆ ಎಸೆಯಬೇಕು, ಬೂದಿ ಕೆದಕಬೇಕು, ಉಗಿಯ ಒತ್ತಡ ಇಳಿಯದಂತೆ ನೋಡಿಕೊಳ್ಳಬೇಕು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪು ಸಮುದ್ರದ ಬೇಗೆಯೂ ಇದಕ್ಕೆ ಸೇರಿತು. ಆಫ್ರಿಕನ್ನರ ಮೈ ಕಾವಿಗೆ ಬಗ್ಗುವುದಿಲ್ಲವೆಂದು ಹಡಗು ಕಂಪನಿಗಳು ಹೇಳುತ್ತಿದ್ದವು. ಬಿಳಿಯರಿಗಿಂತ ಕಡಿಮೆ ಸಂಬಳಕ್ಕೆ ಸಿಗುತ್ತಾರೆ ಎಂಬುದೇ ಅಸಲಿ ಲೆಕ್ಕ.

ಆಫ್ರಿಕಾ ಅನ್ವೇಷಕ ಲಿವಿಂಗ್‌ಸ್ಟನ್‌ನ ಹೆಸರು ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಆತ 1864ರಲ್ಲಿ ಜಂಜಿಬಾರಿನಿಂದ ಪುಟ್ಟ ಹಡಗೊಂದನ್ನು ತಾನೇ ನಡೆಸಿಕೊಂಡು ಮುಂಬಯಿಗೆ ಬಂದಾಗ ಜೊತೆಗಿದ್ದ ಆಫ್ರಿಕನ್ನರಲ್ಲಿ ಸೂಸಿ ಇಲ್ಲಿನ ಹಡಗುಕಟ್ಟೆಯಲ್ಲಿ ಕೆಲಸಕ್ಕೆ ನಿಂತ. ಹುಡುಗ ಚೂಮಾ ಮಿಷನ್ ಶಾಲೆಗೆ ಸೇರಿದ. 1873ರಲ್ಲಿ ಲಿವಿಂಗ್‌ಸ್ಟನ್ ಆಫ್ರಿಕಾದ ಒಳನಾಡಿನಲ್ಲಿ ಸತ್ತಾಗ, ಹೆಣವನ್ನು ತಿಂಗಳುಗಟ್ಟಲೆ ಹೊತ್ತು ಕಡಲತೀರಕ್ಕೆ ಮುಟ್ಟಿಸಿದ ತಂಡದ ಮುಂದಾಳುಗಳು ಇವರಿಬ್ಬರೇ. ಕೀರ್ತಿಯ ಸಿಂಹಪಾಲು ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

ಮುಂಬಯಿಯ ಪೊಲೀಸ್ ಕಮಿಷನರ್ ಆಗಿದ್ದ ಎಸ್. ಎಂ. ಎಡ್ವರ್ಡ್ಸ್ 1912ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಿದಿಗಳ ಕುರಿತೇ ಒಂದು ಅಧ್ಯಾಯವಿದೆ. ಮುಂದೆ ಹಡಗುಗಳು ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಹೊರಳಿದ ಮೇಲೆ ಅವರಿಗೆ ಒಲೆ ಉರಿಸುವ ಕೆಲಸವೇ ಇಲ್ಲವಾಯಿತು.

ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳೂ ಆಫ್ರಿಕಾ ಮೂಲದವರೇ, ಆದರೆ ಅವರ ಹಾದಿ ಬೇರೆ. ಅವರ ಹಿರಿಯರಲ್ಲಿ ಬಹಳ ಮಂದಿ ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಈ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ.

ಈಗ ಮುಂಬಯಿಗೆ ಬರುವ ಆಫ್ರಿಕನ್ನರಲ್ಲಿ ನೈಜೀರಿಯಾದ ವ್ಯಾಪಾರಿಗಳದ್ದು ಎದ್ದು ಕಾಣುವ ಗುಂಪು. ಡೋಂಗ್ರಿ, ಮಹಮ್ಮದ್ ಅಲಿ ರೋಡಿನ ಸುತ್ತಮುತ್ತ ಸಗಟು ಖರೀದಿ. ವಾಸ ಮೀರಾ ರೋಡ್, ನಾಯಗಾಂವ್, ನಾಲಾಸೋಪಾರಾ ಕಡೆ. ಟೀ ಶರ್ಟು, ಜೀನ್ಸುಗಳನ್ನು ಹೊಲಿಗೆ ಎಳೆದು ನೋಡಿ, ದರಕ್ಕೆ ಚೌಕಾಸಿ ಮಾಡಿ, ಕಾರ್ಗೋ ಏಜೆಂಟನ ತಕ್ಕಡಿಗೇರಿಸಿ ಲಾಗೋಸಿಗೆ ಕಳಿಸುತ್ತಾರೆ. ಏಜೆಂಟನಿಗೆ ಕಿಲೋ ಲೆಕ್ಕದ ಬಾಡಿಗೆ, ಹೊಲಿಗೆ ಘಟಕಕ್ಕೆ ಆರ್ಡರು. ಆಫ್ರಿಕನ್ ಊಟ ಬೇಯಿಸಿ ಹಾಕುವ ಪುಟ್ಟ ಅಡುಗೆಮನೆಗಳೂ ಇದೇ ಬಡಾವಣೆಗಳಲ್ಲಿ ಹುಟ್ಟಿಕೊಂಡಿವೆ.

ಅವರಿಗೆ ಕಷ್ಟವಾಗುವುದು ಬಾಡಿಗೆ ಮನೆ. ಮಾದಕದ್ರವ್ಯದ ಕೇಸಿನಲ್ಲಿ ನಾಲ್ವರು ಸಿಕ್ಕಿಬಿದ್ದರೆ ಕಟ್ಟಡದ ಸೊಸೈಟಿಗಳು ಕರಿಯರಿಗೆಲ್ಲ ಬಾಗಿಲು ಹಾಕುತ್ತವೆ. ಇದು ಶುದ್ಧ ಅನ್ಯಾಯ. ಮೀರಾ ರೋಡ್, ಭಾಯಂದರ್‌ಗಳಲ್ಲಿ ಫ್ಲ್ಯಾಟು ಮಾಡಿಕೊಂಡಿರುವ ಕನ್ನಡಿಗರು ಕಡಿಮೆಯೇನಿಲ್ಲ. ಆಫ್ರಿಕನ್ ವ್ಯಾಪಾರಿಯೊಬ್ಬ ಮನೆ ಕೇಳಿಕೊಂಡು ಬಂದರೆ ಪಾಸ್‌ಪೋರ್ಟು, ವೀಸಾ ನೋಡಿ, ಕರಾರುಪತ್ರ ಮಾಡಿಸಿ, ವಿದೇಶಿಯರಿಗೆ ಮನೆ ಕೊಟ್ಟವರೆಲ್ಲ 24 ಗಂಟೆಯೊಳಗೆ ಸಲ್ಲಿಸಬೇಕಾದ ಫಾರ್ಮು ತುಂಬಿ. ಆ ಫಾರ್ಮಿನಲ್ಲಿ ಬಾಡಿಗೆದಾರನ ಹೆಸರು, ದೇಶ, ವೀಸಾ ವಿವರ ಕೇಳುತ್ತಾರೆ. ಮೈಬಣ್ಣಕ್ಕೆ ಅದರಲ್ಲಿ ಜಾಗವಿಲ್ಲ.