ಮನೆಯಲ್ಲೇ ವಾಲ್ವ್ ಹೆಡ್‌ಫೋನ್ ಆಂಪ್ಲಿಫೈಯರ್: 12 ವೋಲ್ಟ್ ಸಾಕು, ಆದರೆ ಮೀಟರ್ ಇಡದೆ ಕಿವಿಗೆ ಹಾಕಬೇಡಿ

ಬಳ್ಳಾರಿ: ಸತ್ಯನಾರಾಯಣಪೇಟೆಯ ನಮ್ಮ ಮನೆ ಮಹಡಿಯಲ್ಲಿ ರಾತ್ರಿ ಹೊತ್ತು ಬೆರಳುದ್ದದ ಒಂದು ಗಾಜಿನ ಬುಡ್ಡಿ ಮಂದವಾಗಿ ಕೆಂಪಗೆ ಉರಿಯುತ್ತಿರುತ್ತೆ. ನೋಡಿದವರೆಲ್ಲ ಕೇಳೋದು ಒಂದೇ, 'ಇದೇನು ಬಲ್ಬಾ?' ಬಲ್ಬ್ ಅಲ್ಲ, ವಾಲ್ವ್. ತಾತನ ಕಾಲದ ರೇಡಿಯೊದಲ್ಲಿ ಇರುತ್ತಿತ್ತಲ್ಲ, ಅದೇ ಜಾತಿ. ಅದಕ್ಕೆ ಇವತ್ತಿನ ಮಾಸ್‌ಫೆಟ್ ಜೋಡಿಸಿದರೆ ಹೆಡ್‌ಫೋನ್‌ಗೆ ಒಂದು ಆಂಪ್ಲಿಫೈಯರ್ ರೆಡಿ. ಹಳೆಯದು, ಹೊಸದು ಎರಡೂ ಸೇರಿದ್ದಕ್ಕೆ ಇದಕ್ಕೆ ಹೈಬ್ರಿಡ್ ಅಂತಾರೆ. ಮೊದಲ ಸಲ ಮಾಡಿದಾಗ ನಾನು ಅಣ್ಣನ ಹೆಡ್‌ಫೋನ್ ಸುಟ್ಟೆ. ನಿಮ್ಮದು ಸುಡಬಾರದು ಅಂತ ಈ ಬರಹ.

ವಾಲ್ವ್ ಮಾಡೋ ಕೆಲಸ ಏನು?

ಗಾಳಿ ತೆಗೆದ ಗಾಜಿನೊಳಗೆ ಒಂದು ಹೀಟರ್ ಇರುತ್ತೆ. ಅದು ಕಾದಾಗ ಪಕ್ಕದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಟು ಪ್ಲೇಟಿಗೆ ಹರಿಯುತ್ತವೆ. ನಡುವೆ ಇರುವ ಗ್ರಿಡ್ ನಲ್ಲಿಯ ತಿರುವಣಿ ಇದ್ದ ಹಾಗೆ. ಮೊಬೈಲ್‌ನಿಂದ ಬಂದ ಸಣ್ಣ ಸಿಗ್ನಲ್ ಗ್ರಿಡ್ಡನ್ನು ಅಲುಗಾಡಿಸಿದರೆ ಪ್ಲೇಟಿನಲ್ಲಿ ಅದೇ ಸಿಗ್ನಲ್ ದೊಡ್ಡದಾಗಿ ಬರುತ್ತೆ.

ಇದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು 'ಆಕಾಶವಾಣಿ' ಶುರು ಮಾಡಿದಾಗ ರೇಡಿಯೊ ನಡೆಯುತ್ತಿದ್ದದ್ದೇ ವಾಲ್ವ್ ಮೇಲೆ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಬಿಇಎಲ್ ಕಂಪನಿ 1961ರಲ್ಲಿ ರೇಡಿಯೊ ವಾಲ್ವ್ ತಯಾರಿ ಆರಂಭಿಸಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಯೂ ಶುರುವಾಯ್ತು. ಆಮೇಲೆ ಟ್ರಾನ್ಸಿಸ್ಟರ್ ಮನೆಮನೆಗೆ ಬಂತು, ವಾಲ್ವ್ ರೇಡಿಯೊ ಅಟ್ಟ ಸೇರಿತು.

ವಾಲ್ವ್ ವೋಲ್ಟೇಜ್ ಹೆಚ್ಚಿಸುತ್ತೆ, ಆದರೆ ಹೆಡ್‌ಫೋನ್ ಕಾಯಿಲ್ ಓಡಿಸುವಷ್ಟು ಕರೆಂಟ್ ಕೊಡೋಕೆ ಅದರ ಕೈಲಿ ಆಗಲ್ಲ. ಆ ಕೆಲಸ ಮಾಸ್‌ಫೆಟ್ ಮಾಡುತ್ತೆ.

ಏನೇನು ಬೇಕು?

- ಇಸಿಸಿ82 ವಾಲ್ವ್ 1. ಇದಕ್ಕೇ 12ಎಯು7 ಅಂತಲೂ ಹೆಸರು. ಒಂದೇ ಬುಡ್ಡಿಯಲ್ಲಿ ಎರಡು ವಾಲ್ವ್ ಇರೋದರಿಂದ ಎಡಕ್ಕೊಂದು, ಬಲಕ್ಕೊಂದು ಆಯ್ತು. ಜೊತೆಗೆ 9 ಪಿನ್ ಸಾಕೆಟ್
- ಐಆರ್‌ಎಫ್510 ಮಾಸ್‌ಫೆಟ್ 2, ಎಲ್‌ಎಂ317 ಐಸಿ 2
- 5.1 ಓಮ್, 1 ವ್ಯಾಟ್ ರೆಸಿಸ್ಟರ್ 2
- 470 ಮೈಕ್ರೋಫ್ಯಾರಡ್ ಕೆಪಾಸಿಟರ್ 2
- ಹೀಟ್‌ಸಿಂಕ್, ಮೈಕಾ ವಾಷರ್, 1 ಆಂಪಿಯರ್ ಫ್ಯೂಸ್
- 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್

ಉಳಿದ ಸಣ್ಣ ರೆಸಿಸ್ಟರ್, ಪ್ರಿಸೆಟ್, ವಾಲ್ಯೂಮ್ ಕಂಟ್ರೋಲ್ ನೀವು ಆರಿಸಿದ ಸರ್ಕ್ಯೂಟ್ ನಕ್ಷೆಯಲ್ಲಿ ಇದ್ದ ಹಾಗೆ ತಗೊಳ್ಳಿ.

ಲೆಕ್ಕ ಹೀಗೆ

ಎಲ್‌ಎಂ317 ಈ ರೆಸಿಸ್ಟರ್ ಮೇಲೆ ಯಾವಾಗಲೂ 1.25 ವೋಲ್ಟ್ ಇಡುತ್ತೆ. ಅದನ್ನು 5.1 ಓಮ್‌ನಿಂದ ಭಾಗಿಸಿದರೆ ಒಂದು ಬದಿಗೆ ಸುಮಾರು 245 ಮಿಲಿ ಆಂಪಿಯರ್, ಎರಡೂ ಬದಿಗೆ 490. ವಾಲ್ವ್ ಹೀಟರ್‌ಗೆ 150 ಸೇರಿಸಿ, ಒಟ್ಟು 640. ತಣ್ಣಗಿರುವ ಹೀಟರ್ ಶುರುವಿನಲ್ಲಿ ಇನ್ನೂ ಹೆಚ್ಚು ಎಳೆಯುತ್ತೆ, ಅದಕ್ಕೇ 2 ಆಂಪಿಯರ್ ಅಡಾಪ್ಟರ್. ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರೋದನ್ನೇ ಕೇಳಿ ತಗೊಳ್ಳಿ.

ಹೀಟರ್ ವೈರ್ ಸಾಕೆಟ್ಟಿನ 4 ಮತ್ತು 5ನೇ ಪಿನ್‌ಗೆ, 9ನೇ ಪಿನ್ ಖಾಲಿ ಬಿಡಬೇಕು.

ಹಾಡು ಹಾಕಿದರೂ ಹಾಕದಿದ್ದರೂ ಸುಮಾರು 6 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತೆ. ನಮ್ಮೂರಿನ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟೋದು ಮಾಮೂಲಿ. ಹೀಟ್‌ಸಿಂಕ್ ದೊಡ್ಡದೇ ಇರಲಿ, ಡಬ್ಬಿಗೆ ತೂತು ಇರಲಿ. ಮಾಸ್‌ಫೆಟ್ ಬೆನ್ನಿನ ತಗಡಿನಲ್ಲಿ 12 ವೋಲ್ಟ್ ಇರುತ್ತೆ. ಮೈಕಾ ವಾಷರ್ ಇಲ್ಲದೆ ಎಲ್‌ಎಂ317 ಜೊತೆ ಒಂದೇ ಹೀಟ್‌ಸಿಂಕಿಗೆ ಬಿಗಿದರೆ ಶಾರ್ಟ್ ಆಗುತ್ತೆ.

ಹೆಡ್‌ಫೋನ್ ಸುಟ್ಟಿದ್ದು ಹೇಗೆ?

ಮಾಸ್‌ಫೆಟ್ ಸೋರ್ಸ್‌ನಲ್ಲಿ 6ರಿಂದ 7 ವೋಲ್ಟ್ ಡಿಸಿ ನಿಂತಿರುತ್ತೆ. ಪ್ರಿಸೆಟ್ ತಿರುಗಿಸಿ ಅಷ್ಟಕ್ಕೇ ಇಡಬೇಕು. ಈ ಡಿಸಿಯನ್ನು ತಡೆದು ಹಾಡನ್ನು ಮಾತ್ರ ಬಿಡೋದು 470ರ ಕೆಪಾಸಿಟರ್. ಅದರ ಪ್ಲಸ್ ಕಾಲು ಮಾಸ್‌ಫೆಟ್ ಕಡೆ, ಮೈನಸ್ ಹೆಡ್‌ಫೋನ್ ಕಡೆ. ನಾನು ಒಂದು ಬದಿಯಲ್ಲಿ ಉಲ್ಟಾ ಹಾಕಿದ್ದೆ. ಉಲ್ಟಾ ಆದರೆ ಅದು ಡಿಸಿ ತಡೆಯಲ್ಲ. 32 ಓಮ್ ಕಾಯಿಲ್ ಮೇಲೆ 6 ವೋಲ್ಟ್ ಬಿದ್ದರೆ 1 ವ್ಯಾಟಿಗಿಂತ ಹೆಚ್ಚು. ಕೂದಲೆಳೆಯಂಥ ಆ ತಂತಿ ತಡೆಯುತ್ತಾ? ಠಪ್ ಅಂತು, ಸುಟ್ಟ ವಾಸನೆ ಬಂತು, ಬಲಗಡೆ ಮೌನ. 'ಲೇ, ಒಂದ್ಸಲ ಮೀಟರ್ ಇಟ್ಟು ನೋಡೋಕೆ ಏನಾಗಿತ್ತು ನಿನಗೆ?' ಅಂದ ಅಣ್ಣ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದ್ದರಿಂದ ಔಟ್‌ಪುಟ್‌ನಿಂದ ಗ್ರೌಂಡಿಗೆ ಎರಡೂ ಬದಿ 1 ಕಿಲೋ ಓಮ್ ರೆಸಿಸ್ಟರ್ ಹಾಕಿ. ಆನ್ ಮಾಡಿ ಒಂದೆರಡು ನಿಮಿಷ ಬಿಡಿ. ಹೆಡ್‌ಫೋನ್ ಜಾಕ್‌ನಲ್ಲಿ ಮೀಟರಿನಿಂದ ಡಿಸಿ ಅಳೆಯಿರಿ. 0.05 ವೋಲ್ಟಿಗಿಂತ ಕಡಿಮೆ ಬಂದರೆ ಮಾತ್ರ ಹೆಡ್‌ಫೋನ್ ಚುಚ್ಚಿ. ಮೊದಲ ಸಲ ಹೋದರೂ ಪರವಾಗಿಲ್ಲ ಅನ್ನುವ ಅಗ್ಗದ್ದು ಬಳಸಿ. ದಿನವೂ ಆನ್ ಮಾಡಿ ಒಂದು ನಿಮಿಷ ಆದ ಮೇಲೆಯೇ ಚುಚ್ಚೋದು ಅಭ್ಯಾಸ ಮಾಡಿಕೊಳ್ಳಿ.

ಕರೆಂಟ್ ಹೋದಾಗ

12 ವೋಲ್ಟಿನ ಬ್ಯಾಟರಿ ಇದ್ದರೆ ಅದರಿಂದಲೇ ಓಡಿಸಬಹುದು. ಆದರೆ ಫ್ಯೂಸ್ ಇಲ್ಲದೆ ಬೇಡ, ಶಾರ್ಟ್ ಆದರೆ ವೈರೇ ಕೆಂಪಗಾಗುತ್ತೆ. ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟಬಹುದು. 12.6 ವೋಲ್ಟಿನ ಹೀಟರ್‌ಗೆ ಅದು ಜಾಸ್ತಿ, ಆಗ ಬಳಸಬೇಡಿ.

ಕೊಳ್ಳುವ, ಮಾರುವ ಮುಂಚೆ

ಬ್ಲೂಟೂತ್ ಹೆಡ್‌ಫೋನ್ ಇದ್ದವರಿಗೆ ಇದರಿಂದ ಉಪಯೋಗ ಇಲ್ಲ, ಅದರೊಳಗೇ ಆಂಪ್ಲಿಫೈಯರ್ ಇರುತ್ತೆ. ಅಳತೆಯ ಲೆಕ್ಕದಲ್ಲಿ ಒಂದು ಸಾದಾ ಐಸಿ ಇದಕ್ಕಿಂತ ಶುದ್ಧವಾದ ಶಬ್ದ ಕೊಡುತ್ತೆ. ವಾಲ್ವ್ ತನ್ನದೇ ಸ್ವಲ್ಪ ಬಣ್ಣ ಸೇರಿಸುತ್ತೆ, ಕೆಲವರ ಕಿವಿಗೆ ಅದು ಹಿತ. ಕೆಲವು ರೆಡಿ ಕಿಟ್‌ಗಳಲ್ಲಿ ವಾಲ್ವ್ ಕೆಳಗೆ ಎಲ್‌ಇಡಿ ಇಟ್ಟು ಹೊಳಪು ತೋರಿಸುತ್ತಾರೆ. ಅಂಗಡಿಯವರು ಗಿರಾಕಿಗೆ ಅದನ್ನು ಬಿಡಿಸಿ ಹೇಳಿದರೆ ಒಳ್ಳೆಯದು.

ಅಟ್ಟದ ಮೇಲಿನ ವಾಲ್ವ್ ರೇಡಿಯೊ ಬಿಚ್ಚೋಕೆ ಮಾತ್ರ ಹೋಗಬೇಡಿ. ಅದರೊಳಗೆ 200 ವೋಲ್ಟಿನ ಮೇಲೆ ಇರಬಹುದು, ಸ್ವಿಚ್ ತೆಗೆದ ಮೇಲೂ ಕೆಪಾಸಿಟರ್ ಹೊಡೆಯುತ್ತೆ.

ಇನ್ನು ಕಿವಿ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆಂಪ್ಲಿಫೈಯರ್ ಇದೆ ಅಂತ ವಾಲ್ಯೂಮ್ ಪೂರ್ತಿ ತಿರುಗಿಸಬೇಡಿ. ಸುಟ್ಟ ಹೆಡ್‌ಫೋನ್ ಬದಲಿಗೆ ನಾನು ಅಣ್ಣನಿಗೆ ಹೊಸದು ಕೊಡಿಸಿದೆ. ಕಿವಿ ಹೋದರೆ ಯಾವ ಅಂಗಡಿಯಲ್ಲೂ ಸಿಗಲ್ಲ.