ಅದೇ ಆಟ, ಜಿಗಿತ ಮಾತ್ರ ಬೇರೆ

ಪ್ರಶ್ನೆ: ‘ಕ್ರ್ಯಾಶ್ ಬ್ಯಾಂಡಿಕೂಟ್’ ವಿಡಿಯೊ ಗೇಮ್ ಹೊಸ ರೂಪದಲ್ಲಿ ಬಂದಾಗ ಹಳೆಯ ಅಭಿಮಾನಿಗಳು ‘ಜಿಗಿತ ಮೊದಲಿನಂತಿಲ್ಲ’ ಎಂದು ದೂರಿದ್ದೇಕೆ?

ಉತ್ತರ: ಅವರ ದೂರಿನಲ್ಲಿ ಹುರುಳಿದೆ. 1996ರಲ್ಲಿ ನಾಟಿ ಡಾಗ್ ಸಂಸ್ಥೆ ಪ್ಲೇಸ್ಟೇಷನ್‌ಗಾಗಿ ಮಾಡಿದ ಈ ಆಟವನ್ನು, ಅದರ ಮುಂದಿನ ಎರಡು ಭಾಗಗಳೊಂದಿಗೆ, ವೈಕೇರಿಯಸ್ ವಿಷನ್ಸ್ 2017ರಲ್ಲಿ ಹೊಸದಾಗಿ ಕಟ್ಟಿತು. ನಡಿಗೆ, ಜಿಗಿತಗಳಿಗೆ ಮೂರನೆಯ ಭಾಗವನ್ನೇ ಮಾದರಿಯಾಗಿ ಇಟ್ಟುಕೊಂಡಿತು. ಮೊದಲ ಭಾಗದ ಕಂದಕಗಳು ಆ ಜಿಗಿತಕ್ಕೆ ಅಳೆದು ಮಾಡಿದವಲ್ಲ.

ಇದಕ್ಕಿಂತ ಸ್ವಾರಸ್ಯದ ಕಾರಣ ಇನ್ನೊಂದಿದೆ. ಪಾತ್ರದ ಸುತ್ತ ಕಣ್ಣಿಗೆ ಕಾಣದ ಒಂದು ಆಕಾರ ಇರುತ್ತದೆ. ಕಾಲು ನೆಲಕ್ಕೆ ತಾಗಿತೇ ಇಲ್ಲವೇ ಎಂದು ಯಂತ್ರ ಲೆಕ್ಕ ಹಾಕುವುದು ಆ ಆಕಾರದಿಂದ, ಚಿತ್ರದಿಂದಲ್ಲ. ಹಳೆಯ ಆಟದಲ್ಲಿ ಅದರ ತಳ ಚಪ್ಪಟೆ, ಹೊಸದರಲ್ಲಿ ದುಂಡು. ಮೇಜಿನ ಅಂಚಿನಲ್ಲಿ ಇಟ್ಟಿಗೆ ಸ್ವಲ್ಪ ಹೊರಚಾಚಿದ್ದರೂ ನಿಲ್ಲುತ್ತದೆ, ನಿಂಬೆಹಣ್ಣು ಉರುಳಿ ಬೀಳುತ್ತದೆ. ‘ದಿ ಹೈ ರೋಡ್’ ಹಂತದ ತೂಗುಸೇತುವೆಯಲ್ಲಿ ಆಗುವುದೂ ಇದೇ: ಹಲಗೆಯ ತುದಿಗೆ ಕಾಲಿಟ್ಟದ್ದು ಕಾಣುತ್ತದೆ, ಮರುಕ್ಷಣವೇ ಕ್ರ್ಯಾಶ್ ಜಾರಿ ಕೆಳಗೆ ಬೀಳುತ್ತಾನೆ. ವರ್ಷಗಟ್ಟಲೆ ಆಡಿದವರ ಹೆಬ್ಬೆರಳಿಗೆ ಹಳೆಯ ಅಳತೆಯೇ ರೂಢಿಯಾಗಿರುವುದರಿಂದ ಈ ವ್ಯತ್ಯಾಸ ಹೆಚ್ಚು ಕಾಡಿದ್ದು ಅವರನ್ನೇ.