ದನಿ ಕೇಳಿ ಕಲ್ಲು ಆರಿಸುವ ಊರು

ತಾಯಲೂರಿನಿಂದ ಮುಳಬಾಗಿಲು, ಕೋಲಾರ ದಾಟಿ ಮಾಲೂರಿನ ಕಡೆ ತಿರುಗಿದರೆ ಶಿವಾರಪಟ್ಟಣ. ಕಣ್ಣಿಗೆ ಬೀಳುವ ಮೊದಲೇ ಊರು ಕಿವಿಗೆ ಬೀಳುತ್ತದೆ: ಉಳಿಯ ಟಣ್ ಟಣ್, ಅದರ ಮೇಲೆ ಕಟಿಂಗ್ ಮಷೀನಿನ ಕಿರುಚಾಟ. ಮನೆ ಮುಂದೆ ಮುಖ ಮೂಡದ ಗಣಪತಿ, ಅರ್ಧ ರೆಕ್ಕೆ ಬಿಚ್ಚಿದ ಗರುಡ, ಧೂಳು ಮೆತ್ತಿದ ಬುದ್ಧ. ಕೆತ್ತುವ ಜಾಗವೂ ಅದೇ, ಮಾರುವ ಮಳಿಗೆಯೂ ಅದೇ.

ಗಂಗರ ಕಾಲದಿಂದ ಬಂದ ಕಸುಬು ಎಂಬುದು ಊರಿನವರ ಮಾತು. ಗಂಗರ ಮೊದಲ ರಾಜಧಾನಿ ಕುವಲಾಲಪುರ ನಮ್ಮ ಕೋಲಾರವೇ ಆದ್ದರಿಂದ ಆ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಕಸುಬುದಾರರಲ್ಲಿ ಹೆಚ್ಚಿನವರು ವಿಶ್ವಕರ್ಮರು, ಬೇರೆಯವರೂ ಕಲಿತಿದ್ದಾರೆ.

"ಕಲ್ಲು ಹೇಗೆ ಆರಿಸ್ತೀರಿ ಆಚಾರ್ರೇ?" ಎಂದು ಕೇಳಿದರೆ ಸುತ್ತಿಗೆಯಿಂದ ತಟ್ಟಿ ತೋರಿಸುತ್ತಾರೆ. ಗಂಟೆಯಂತೆ ಖಣ್ ಎಂದರೆ ಪುರುಷಶಿಲೆ, ದೇವರಿಗೆ. ದನಿ ಮೃದುವಾದರೆ ಸ್ತ್ರೀಶಿಲೆ, ದೇವಿಗೆ. ದನಿಯೇ ಇಲ್ಲದ್ದು ನಪುಂಸಕ; ಅದು ಅಡಿಪಾಯಕ್ಕಷ್ಟೆ. ಒಳಗೆ ಬಿರುಕಿದ್ದರೆ ಕಣ್ಣಿಗೆ ಕಾಣದು, ಕಿವಿಗೆ ಸಿಗುತ್ತದೆ. ಅಯೋಧ್ಯೆಯ ಬಾಲರಾಮನ ಕೃಷ್ಣಶಿಲೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲೇ! ಕಲ್ಲಿನ ಆರೋಗ್ಯ ನೋಡುವ ಎರಡು ಬಗೆಗೂ ಒಂದೇ ಜಿಲ್ಲೆ ತವರು.

ಇನ್ನು ಅಳತೆ. ಮುಖದ ಉದ್ದ ಒಂದು ತಾಳ. ದೊಡ್ಡ ದೇವರಿಗೆ ಒಂಬತ್ತೋ ಹತ್ತೋ ತಾಳದ ಎತ್ತರ. ಡೊಳ್ಳುಹೊಟ್ಟೆಯ ಗಣಪತಿಗೆ ಐದೇ. ಪಂಚಲೋಹದ ಎರಕವೂ ಇಲ್ಲುಂಟು: ಮೇಣದ ಬೊಂಬೆಗೆ ಮಣ್ಣು ಮೆತ್ತಿ ಸುಟ್ಟರೆ ಮೇಣ ಕರಗಿ ಹೋಗುತ್ತದೆ, ಆ ಪೊಳ್ಳಿಗೆ ಲೋಹ ಇಳಿಯುತ್ತದೆ.

ಬೆಂಕಿ ಕಲ್ಲಿಗೂ ಹೊಸತಲ್ಲ. ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿ ಸುಮಾರು 270 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯ ಬಂಡೆಗಳಿವೆ, ನೀರಿನಡಿ ಉಕ್ಕಿದ ಲಾವಾ ದಿಂಬು ದಿಂಬಾಗಿ ಹೆಪ್ಪುಗಟ್ಟಿದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಾವು ದನ ಮೇಯಿಸುವ ಬಂಡೆ ಎಂದುಕೊಂಡಿರುತ್ತೇವೆ. ಮೆಗ್ನೀಷಿಯಂ ತುಂಬಿದ ಅಂಥ ಕಲ್ಲೇ ನೆಲದೊಳಗೆ ಒತ್ತಡಕ್ಕೆ, ಬಿಸಿನೀರಿಗೆ ಸಿಕ್ಕಿ ಬದಲಾದರೆ ಬಳಪದ ಕಲ್ಲು. ಉಗುರು ತಾಗಿದರೂ ಗೀರು ಬೀಳುವಷ್ಟು ಮೆದು. ಹೊಯ್ಸಳರ ಶಿಲ್ಪಿಗಳು ಕಲ್ಲಿನಲ್ಲಿ ಒಡವೆಯ ಮಣಿ ಎಣಿಸುವಂತೆ ಬಿಡಿಸಿದ್ದರ ಗುಟ್ಟಿನಲ್ಲಿ ಅರ್ಧ ಪಾಲು ಅದರದೇ.

ಮಷೀನು ಬಂದು ದುಡಿಮೆ ಹಗುರಾಗಿದೆ, ಧೂಳು ಹೆಚ್ಚಾಗಿದೆ. ಮೂಗಿಗೆ ಟವೆಲ್ ಸುತ್ತಿದ ಹುಡುಗರನ್ನು ನೋಡಿದರೆ ಅವರ ಶ್ವಾಸಕೋಶದ ಚಿಂತೆಯಾಗುತ್ತದೆ. ಮಧ್ಯಾಹ್ನ ಕರೆಂಟು ಹೋಯಿತು. ಮಷೀನುಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಹಿಂದಿನ ಬೀದಿಯಲ್ಲಿ ಒಂದು ಉಳಿ ಮಾತ್ರ ನಿಲ್ಲಲಿಲ್ಲ.